ರಕ್ತದ ಸೀರಂ ಒಂದೇ ಅಲ್ಲ: ಜಾನುವಾರು ಸಾಂಕ್ರಾಮಿಕ ರೋಗ ಪತ್ತೆಗೆ ಬೇರೆ ಮಾದರಿಗಳು – ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು ಸುತ್ತಮುತ್ತಲ ಹೈನುಗಾರರು, ಕುರಿ-ಮೇಕೆ ಸಾಕುವವರು, ಕೋಳಿ ಫಾರಂನವರು, ನಾಯಿ ಸಾಕಿದವರು ಮತ್ತು ಹೊಸದಾಗಿ ಕೆಲಸಕ್ಕೆ ಸೇರಿದ ಪಶುವೈದ್ಯಕೀಯ ಸಿಬ್ಬಂದಿ ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೆಲವು ಮಾದರಿಗಳನ್ನು ರೈತರೇ ತೆಗೆಯಬಹುದು. ಕೆಲವನ್ನು ಪಶುವೈದ್ಯರೇ ತೆಗೆಯಬೇಕು. ಪಶುವೈದ್ಯರಿಗೇ ಬಿಡಬೇಕಾದ ಮುಖ್ಯ ಕೆಲಸಗಳನ್ನು ಆಯಾ ಉತ್ತರದಲ್ಲೇ ಹೇಳಿದ್ದೇವೆ.

ರಕ್ತ ತೆಗೆದು ಪರೀಕ್ಷೆ ಮಾಡಿಸಿದರೆ ಸಾಕಲ್ಲವೇ? ಬೇರೆ ಮಾದರಿ ಯಾಕೆ ಬೇಕು?

ರಕ್ತ ಹೆಪ್ಪುಗಟ್ಟಿದ ಮೇಲೆ ಮೇಲೆ ನಿಲ್ಲುವ ತಿಳಿ ಹಳದಿ ನೀರೇ ಸೀರಂ. ಅದರಲ್ಲಿ ಸಾಮಾನ್ಯವಾಗಿ ಹುಡುಕುವುದು ರೋಗಾಣುವನ್ನಲ್ಲ, ರೋಗಾಣುವಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು. ಅಂದರೆ ಈ ಪ್ರಾಣಿಗೆ ಆ ರೋಗಾಣುವಿನ ಪರಿಚಯ ಎಂದಾದರೂ ಆಗಿತ್ತೇ ಎಂಬುದಕ್ಕೆ ಸೀರಂ ಉತ್ತರ ಕೊಡುತ್ತದೆ. ಇವತ್ತು ಮೈಮೇಲಿರುವ ಜ್ವರಕ್ಕೆ ಅದೇ ಕಾರಣವೇ ಎಂದು ಕೇಳಿದರೆ ಬಹಳಷ್ಟು ಸಲ ಉತ್ತರ ಸಿಗುವುದಿಲ್ಲ.

ತೊಡಕು ಮೂರು ಕಡೆ ಬರುತ್ತದೆ. ಮೊದಲನೆಯದು ಸಮಯ. ಪ್ರತಿಕಾಯ ಅಳೆಯುವಷ್ಟು ಏರಲು ವಾರ, ಹತ್ತು ದಿನ ಬೇಕು. ಜ್ವರ ಬಂದ ಎರಡನೇ ದಿನ ತೆಗೆದ ಸೀರಂ ನೆಗೆಟಿವ್ ಬಂದರೆ ರೋಗ ಇಲ್ಲ ಎಂದಲ್ಲ. ಎರಡನೆಯದು ಲಸಿಕೆ. ಕಾಲುಬಾಯಿ ಲಸಿಕೆ ಹಾಕಿದ ಹಸುವಿನಲ್ಲಿ ಪ್ರತಿಕಾಯ ಇದ್ದೇ ಇರುತ್ತದೆ. ಲಸಿಕೆಯದ್ದೋ ರೋಗದ್ದೋ ಎಂದು ಬೇರ್ಪಡಿಸಲು ಎಲೈಸಾ ಎಂಬ ಪ್ರತಿಕಾಯ ಪರೀಕ್ಷೆಯ ವಿಶೇಷ ಬಗೆ ಬೇಕು. ಕರುಗಳಲ್ಲೂ ಹೀಗೆಯೇ: ಗಿಣ್ಣುಹಾಲಿನಿಂದ ಬಂದ ತಾಯಿಯ ಪ್ರತಿಕಾಯ ಅವುಗಳ ರಕ್ತದಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಮೂರನೆಯದು, ಕೆಲವು ಪ್ರಾಣಿಗಳಲ್ಲಿ ಪ್ರತಿಕಾಯವೇ ಹುಟ್ಟುವುದಿಲ್ಲ. ಗರ್ಭದ ಮೊದಲ ಕೆಲವು ತಿಂಗಳಲ್ಲೇ ಬಿವಿಡಿ ಎಂಬ, ದನಗಳಲ್ಲಿ ಭೇದಿ ತರುವ ವೈರಸ್ ತಗುಲಿ ಹುಟ್ಟಿದ ಕರು ಜೀವನಪರ್ಯಂತ ವೈರಸ್ ಹರಡುತ್ತಲೇ ಇರುತ್ತದೆ, ಆದರೆ ಅದರ ದೇಹಕ್ಕೆ ಆ ವೈರಸ್ ಹೊರಗಿನದು ಅನ್ನಿಸುವುದೇ ಇಲ್ಲ. ಅಂಥ ಕರುವನ್ನು ಹಿಡಿಯಲು ಕಿವಿಯಂಚಿನಿಂದ ಕಡಲೆಕಾಳಿನಷ್ಟು ಚರ್ಮ ಕತ್ತರಿಸಿ ಅದರಲ್ಲಿ ವೈರಸ್ಸಿನ ಆಂಟಿಜನ್, ಅಂದರೆ ವೈರಸ್ಸಿನದ್ದೇ ಪ್ರೋಟೀನ್ ಅಂಶ, ಹುಡುಕುತ್ತಾರೆ.

ಸೀರಂ ಬೇಡ ಎಂದು ಇದರ ಅರ್ಥವಲ್ಲ. ಮಂದೆಯ ಸಮೀಕ್ಷೆಗೆ, ಎರಡು-ಮೂರು ವಾರದ ಅಂತರದಲ್ಲಿ ಜೋಡಿ ಮಾದರಿ ತೆಗೆದು ಏರಿಕೆ ನೋಡುವುದಕ್ಕೆ ಅದಕ್ಕಿಂತ ಅನುಕೂಲದ್ದು ಇಲ್ಲ. ಆದರೆ ಕಣ್ಣೆದುರು ಕಾಯಿಲೆ ಬಿದ್ದ ಪ್ರಾಣಿ ಇದ್ದಾಗ ಕೇಳಬೇಕಾದದ್ದು ಒಂದೇ: ರೋಗಾಣು ಈ ಹೊತ್ತಿನಲ್ಲಿ ದೇಹದ ಯಾವ ಭಾಗದಲ್ಲಿದೆ? ಮಾದರಿ ಅಲ್ಲಿಂದಲೇ ಬರಬೇಕು.

ಕಾಲುಬಾಯಿ ಜ್ವರ ಅನ್ನಿಸುತ್ತಿದೆ. ಏನು ತೆಗೆಯಬೇಕು?

ನಾಲಿಗೆ, ಒಸಡು ಅಥವಾ ಗೊರಸಿನ ಸಂದಿನಲ್ಲಿ ಒಡೆಯದ ಇಲ್ಲವೇ ಆಗತಾನೇ ಒಡೆದ ಗುಳ್ಳೆಯ ಮೇಲ್ಪದರ ಬೇಕು. ಕನಿಷ್ಠ 1 ಗ್ರಾಂ. ಒಂದು ಹಸುವಿನಲ್ಲಿ ಅಷ್ಟು ಸಿಗದಿದ್ದರೆ ಅದೇ ಕೊಟ್ಟಿಗೆಯ ಇನ್ನೊಂದು ಹಸುವಿನಿಂದ ಬೇರೆ ಸೀಸೆಯಲ್ಲಿ ತೆಗೆಯಿರಿ. ಗುಳ್ಳೆಯಲ್ಲಿ ನೀರು ಇದ್ದರೆ ಸಿರಿಂಜಿನಲ್ಲಿ ಎಳೆದು ಪ್ರತ್ಯೇಕವಾಗಿಡಿ. ವೈರಸ್ ಅದರಲ್ಲೇ ಹೆಚ್ಚು ಇರುತ್ತದೆ.

ಮೇಲ್ಪದರವನ್ನು ಅರ್ಧ ಗ್ಲಿಸರಾಲ್, ಅರ್ಧ ಫಾಸ್ಫೇಟ್ ಬಫರ್ ಇರುವ ದ್ರಾವಣದಲ್ಲಿ ಹಾಕಬೇಕು. ಪಿಎಚ್ 7.2ರಿಂದ 7.6ರ ಒಳಗಿರಬೇಕು. ಈ ವೈರಸ್‌ಗೆ ಹುಳಿ ಆಗದು, ಪಿಎಚ್ 6.5ಕ್ಕಿಂತ ಕೆಳಗಿಳಿದರೆ ಬೇಗ ಸಾಯುತ್ತದೆ. ಮಾದರಿ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಬಾಯಿಗೆ ಮೊದಲೇ ಹುಣಸೆ ನೀರು, ವಿನೆಗರ್, ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿ ಉಜ್ಜಿರುತ್ತಾರೆ, ಆಮೇಲೆ ಮಾದರಿ ತೆಗೆಸುತ್ತಾರೆ. ಮೊದಲು ಮಾದರಿ, ಆಮೇಲೆ ಔಷಧ. ಬಾಯಿ ಕೊಳೆಯಾಗಿದ್ದರೆ ಬರೀ ನೀರಿನಲ್ಲಿ ತೊಳೆಯಿರಿ.

ಹುಣ್ಣು ಒಣಗಿ ವಾರ ದಾಟಿದ್ದರೆ ಮೇಲ್ಪದರ ಸಿಗುವುದಿಲ್ಲ. ಆಗ ಪ್ರೊಬ್ಯಾಂಗ್ ಎಂಬ, ತುದಿಯಲ್ಲಿ ಸಣ್ಣ ಬಟ್ಟಲಿರುವ ಉದ್ದ ಕಂಬಿಯನ್ನು ಗಂಟಲಿಗೆ ಇಳಿಸಿ ಅಲ್ಲಿನ ಲೋಳೆ ಕೆರೆದು ತೆಗೆಯುತ್ತಾರೆ. ಇದು ಪಶುವೈದ್ಯರ ಕೆಲಸ. ವಾಸಿಯಾದ ಹಸುವಿನ ಗಂಟಲಲ್ಲಿ ವೈರಸ್ 28 ದಿನ ದಾಟಿಯೂ ಉಳಿಯಬಹುದು. ಅಂಥದ್ದನ್ನು ವಾಹಕ ಎನ್ನುತ್ತಾರೆ.

ಚರ್ಮಗಂಟು ರೋಗಕ್ಕೆ?

ಗಂಟಿನ ಚರ್ಮದ ತುಣುಕು ಅಥವಾ ಉದುರುವ ಹಕ್ಕಳೆ. ಜ್ವರ ಇಳಿದ ಮೇಲೆ ರಕ್ತದಲ್ಲಿ ವೈರಸ್ ಸಿಗುವುದು ಕಷ್ಟ. ಹಕ್ಕಳೆಯಲ್ಲಾದರೆ ಅದರ ಡಿಎನ್ಎ ಸುಮಾರು ಮೂರು ತಿಂಗಳವರೆಗೂ ಪಿಸಿಆರ್‌ಗೆ ಸಿಕ್ಕಿದೆ. ಹಕ್ಕಳೆಯನ್ನು ಒಣಗಿದ ಶುದ್ಧ ಟ್ಯೂಬಿಗೆ ಹಾಕಿ ಐಸ್ ಮೇಲೆ ಕಳಿಸಿ, ಸ್ಪಿರಿಟ್ ಬೇಡ, ಫಾರ್ಮಾಲಿನ್ ಬೇಡ. ಲಸಿಕೆ ಹಾಕಿದ ಜಾಗದಲ್ಲಿ ಎದ್ದ ಗಂಟಾದರೆ ಲಸಿಕೆಯ ದಿನಾಂಕವನ್ನು ತಪ್ಪದೆ ಬರೆಯಿರಿ. ಜೀವಂತ ಲಸಿಕೆಯ ವೈರಸ್ಸೇ ಅಲ್ಲಿ ಸಿಕ್ಕಿ ಗೊಂದಲ ಆಗಬಹುದು.

ಡೇರಿಗೆ ಹಾಕುವ ಹಾಲಿನಿಂದಲೇ ಕಂದು ರೋಗ ಗೊತ್ತಾಗುತ್ತದಂತೆ, ನಿಜವೇ?

ನಿಜ. ಮಿಲ್ಕ್ ರಿಂಗ್ ಟೆಸ್ಟ್ ಎನ್ನುತ್ತಾರೆ. ಇಡೀ ಮಂದೆಯನ್ನು ಒಂದು ಕ್ಯಾನ್ ಹಾಲಿನಿಂದ ಜಾಲಾಡಲು ಇಷ್ಟು ಅಗ್ಗದ ದಾರಿ ಇನ್ನೊಂದಿಲ್ಲ. ಇನ್ನೂ ಹೆಚ್ಚು ಕಡೆ ಇದನ್ನು ಬಳಸಬೇಕು ಎಂಬುದು ನಮ್ಮ ಅಭಿಪ್ರಾಯ.

ಕಂದು ರೋಗ ತರುವ ಬ್ರುಸೆಲ್ಲಾ ಬ್ಯಾಕ್ಟೀರಿಯಾದ ಸೋಂಕಿರುವ ಹಸುವಿನ ಹಾಲಿನಲ್ಲಿ ಪ್ರತಿಕಾಯ ಇರುತ್ತದೆ. ನೀಲಿ ಬಣ್ಣ ಕಟ್ಟಿದ ಸತ್ತ ಬ್ರುಸೆಲ್ಲಾ ಆಂಟಿಜನ್ ಹಾಕಿದಾಗ ಪ್ರತಿಕಾಯ ಅದನ್ನು ಗಂಟು ಕಟ್ಟಿಸುತ್ತದೆ. ಆ ಗಂಟು ಹಾಲಿನ ಜಿಡ್ಡಿನ ಹನಿಗಳಿಗೆ ಅಂಟಿಕೊಂಡು ಕೆನೆಯ ಜೊತೆ ಮೇಲೇರುತ್ತದೆ. ಮಾಡುವ ಕ್ರಮ: ಸಣ್ಣ ಟ್ಯೂಬಿನಲ್ಲಿ 1 ಮಿ.ಲೀ. ಹಾಲು, ಅದಕ್ಕೆ 30 ಮೈಕ್ರೋಲೀಟರ್ ಆಂಟಿಜನ್, ನಿಧಾನಕ್ಕೆ ತಲೆಕೆಳಗೆ ಮಾಡಿ ಬೆರೆಸಿ 37 ಡಿಗ್ರಿಯಲ್ಲಿ ಒಂದು ಗಂಟೆ ಇಡುವುದು. ಹಾಲಿನ ಕಂಬ ಕನಿಷ್ಠ 25 ಮಿ.ಮೀ. ಎತ್ತರ ಇರಬೇಕು, ಅಗಲ ಟ್ಯೂಬಿನಲ್ಲಿ ಕೆನೆ ತೆಳ್ಳಗೆ ಹರಡಿ ಉಂಗುರವೇ ಕಾಣದು. ಗಂಟೆಯ ನಂತರ ಟ್ಯೂಬನ್ನು ಬೆಳಕಿಗೆ ಹಿಡಿದರೆ, ಮೇಲೆ ಕಡುನೀಲಿ ಉಂಗುರ, ಕೆಳಗೆ ಬೆಳ್ಳನೆ ಹಾಲು ಕಂಡರೆ ಪಾಸಿಟಿವ್. ಕೆನೆ ಬಿಳಿಯಾಗಿಯೇ ಇದ್ದು ಕೆಳಗಿನ ಹಾಲೆಲ್ಲ ಸಮನಾಗಿ ನೀಲಿಯಾಗಿದ್ದರೆ ನೆಗೆಟಿವ್. ಪಕ್ಕದಲ್ಲಿ ಗೊತ್ತಿರುವ ಪಾಸಿಟಿವ್ ಮತ್ತು ನೆಗೆಟಿವ್ ಹಾಲನ್ನು ಇಟ್ಟು ಹೋಲಿಸದೆ ಓದಬಾರದು.

ಕೆನೆಯೇ ಈ ಪರೀಕ್ಷೆಯ ಜೀವ. ಕಾಯಿಸಿದ ಹಾಲು, ಫ್ರೀಜರಿನಲ್ಲಿ ಗಟ್ಟಿಯಾಗಿಸಿದ ಹಾಲು, ಬೈಕಿನ ಪಕ್ಕದ ಚೀಲದಲ್ಲಿ ಕುಲುಕಿ ಬೆಣ್ಣೆ ಕಟ್ಟಿದ ಹಾಲು, 72 ಗಂಟೆ ದಾಟಿದ ಹಾಲು ಇದಕ್ಕೆ ಬರುವುದಿಲ್ಲ. ಗಿಣ್ಣುಹಾಲು, ಕೆಚ್ಚಲು ಬಾವಿನ ಹಾಲು, ಹಾಲು ಬತ್ತುವ ಹಂತದ ಹಾಲು ಸೇರಿದರೆ ರೋಗ ಇಲ್ಲದಿದ್ದರೂ ಉಂಗುರ ಬರಬಹುದು. ಕ್ಯಾನಿನಲ್ಲಿ ನೂರಾರು ಹಸುಗಳ ಹಾಲು ಬೆರೆತಿದ್ದರೆ ಒಂದೆರಡು ಹಸುವಿನ ಪ್ರತಿಕಾಯ ತೆಳುವಾಗಿ ಹೋಗುತ್ತದೆ, ಅಲ್ಲಿ ಹಾಲಿನ ಪ್ರಮಾಣ 2–3 ಮಿ.ಲೀ.ಗೆ ಏರಿಸುತ್ತಾರೆ. ಕುರಿ-ಮೇಕೆ ಹಾಲಿಗೆ ಈ ಪರೀಕ್ಷೆಯನ್ನು ನೆಚ್ಚಿಕೊಳ್ಳಬೇಡಿ. ಬತ್ತಿಸಿದ ಹಸು ಕ್ಯಾನಿಗೆ ಹಾಲು ಹಾಕಿರುವುದಿಲ್ಲ, ಅದು ತಪ್ಪಿಸಿಕೊಳ್ಳುತ್ತದೆ ಎಂಬುದೂ ನೆನಪಿರಲಿ.

ಉಂಗುರ ಬಂದ ಮಂದೆಯಲ್ಲಿ ಒಂದೊಂದೇ ಹಸುವಿನ ಸೀರಂ ತೆಗೆದು ರೋಸ್ ಬೆಂಗಾಲ್ ಮತ್ತು ಎಲೈಸಾ ಪರೀಕ್ಷೆ ಮಾಡಿ ಖಚಿತಪಡಿಸಬೇಕು. ಇಲ್ಲಿ ಹಾಲು ದಾರಿ ತೋರಿಸುತ್ತದೆ, ತೀರ್ಮಾನ ಸೀರಂನದ್ದು.

ಹಸು ಏಳನೇ ತಿಂಗಳಲ್ಲಿ ಕಂದು ಹಾಕಿದೆ. ಬಿದ್ದದ್ದನ್ನು ಎಸೆದುಬಿಡುವುದೇ?

ಎಸೆಯಬೇಡಿ, ಬರಿಗೈಯಲ್ಲಿ ಮುಟ್ಟಲೂ ಬೇಡಿ. ಬ್ರುಸೆಲ್ಲಾ ಮನುಷ್ಯರಿಗೂ ಹತ್ತುತ್ತದೆ. ಮಾಸು ಎಳೆದವರಿಗೆ, ಹಸಿಹಾಲು ಕುಡಿದವರಿಗೆ ಬಿಟ್ಟುಬಿಟ್ಟು ಬರುವ ಜ್ವರ, ಕೀಲುನೋವು ತಿಂಗಳುಗಟ್ಟಲೆ ಕಾಡುತ್ತದೆ. ಮೊಣಕೈವರೆಗಿನ ಗ್ಲೌಸ್, ಮಾಸ್ಕ್, ಬೂಟು ಹಾಕಿಕೊಂಡೇ ಹತ್ತಿರ ಹೋಗಿ. ನಾಯಿ ಎಳೆದುಕೊಂಡು ಹೋಗದಂತೆ ಬುಟ್ಟಿ ಕವುಚಿ, ಪಶು ಆಸ್ಪತ್ರೆಗೆ ಹೇಳಿ ಕಳಿಸಿ.

ಕಂದು ಹಾಕಿದ ಪ್ರಕರಣದಲ್ಲಿ ಅತ್ಯಂತ ಬೆಲೆಬಾಳುವ ಮಾದರಿ ಸತ್ತ ಕರುವಿನ ಹೊಟ್ಟೆಯ, ಅಂದರೆ ಜಠರದ, ಒಳಗಿನ ದ್ರವ. ಗರ್ಭದಲ್ಲಿರುವಾಗ ಕರು ಗರ್ಭದ ನೀರನ್ನು ನುಂಗುತ್ತಿರುತ್ತದೆ, ರೋಗಾಣು ಅದರ ಜೊತೆ ಹೊಟ್ಟೆಗೆ ಇಳಿದಿರುತ್ತದೆ. ಆ ಜಾಗ ಮುಚ್ಚಿಕೊಂಡಿರುವುದರಿಂದ ಕೊಟ್ಟಿಗೆಯ ಸಗಣಿ-ಮಣ್ಣಿನ ಬ್ಯಾಕ್ಟೀರಿಯಾ ಸೇರಿರುವುದಿಲ್ಲ. ಪಶುವೈದ್ಯರು ಜಠರದ ಗೋಡೆಯನ್ನು ಕಾಯಿಸಿದ ಚಾಕುವಿನಿಂದ ಸುಟ್ಟು ಶುದ್ಧ ಮಾಡಿ, ಹೊಸ ಸಿರಿಂಜಿನಿಂದ ಕೆಲವು ಮಿ.ಲೀ. ಎಳೆದುಕೊಳ್ಳುತ್ತಾರೆ. ಅದರ ಜೊತೆ ಶ್ವಾಸಕೋಶ, ಗುಲ್ಮ, ಪಿತ್ತಜನಕಾಂಗದ ತುಣುಕು, ಮಾಸಿನ ಮೇಲಿನ ಗುಂಡಿಯಂಥ ಎರಡು-ಮೂರು ಭಾಗಗಳು, ತಾಯಿಯ ಯೋನಿಯಿಂದ ಸ್ವಾಬ್ (ಕಡ್ಡಿಯ ತುದಿಯಲ್ಲಿ ಒರೆಸಿ ತೆಗೆದ ಮಾದರಿ). ಮಾಸಿನ ಗುಂಡಿಯನ್ನು ಗಾಜಿನ ಮೇಲೆ ಒತ್ತಿ ಮಾಡಿದ ಲೇಪಕ್ಕೆ ಬದಲಾಯಿಸಿದ ಝೀಲ್-ನೀಲ್ಸನ್ ಬಣ್ಣ ಹಾಕಿದರೆ, ನೀಲಿ ಹಿನ್ನೆಲೆಯಲ್ಲಿ ಗುಂಪುಗುಂಪಾಗಿ ಸಣ್ಣ ಕೆಂಪು ಕಡ್ಡಿಗಳು ಅದೇ ದಿನ ಕಾಣಬಹುದು. ಆದರೆ ಕಾಕ್ಸಿಯೆಲ್ಲಾ, ಕ್ಲಮೈಡಿಯಾ ಕೂಡ ಹೀಗೇ ಕೆಂಪಾಗುತ್ತವೆ. ಆದ್ದರಿಂದ ಕಲ್ಚರ್ (ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು) ಅಥವಾ ಪಿಸಿಆರ್ ಆಗುವವರೆಗೆ ಅದು ಅನುಮಾನ ಅಷ್ಟೇ.

ಕರು ಕೊಳೆತಿದ್ದರೂ ಹೊಟ್ಟೆಯ ದ್ರವ ಪಿಸಿಆರ್‌ಗೆ ಆಗಬಹುದು. ಮಾಸು ಮಾತ್ರ ಬೇಗ ಕೊಳೆಯುತ್ತದೆ, ಆರೇಳು ಗಂಟೆ ಬಿಸಿಲಿನಲ್ಲಿ ಬಿದ್ದಿದ್ದರೆ ಅದರಲ್ಲಿ ಕಸದ ಬ್ಯಾಕ್ಟೀರಿಯಾವೇ ಬೆಳೆಯುತ್ತದೆ.

ಕಂದು ರೋಗದ ಎಸ್19 ಲಸಿಕೆಯನ್ನು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಒಂದೇ ಸಲ ಹಾಕುತ್ತಾರೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಇದೂ ಸೇರಿದೆ. ಈ ಲಸಿಕೆ ಪಡೆದ ಪಡ್ಡೆಯ ಸೀರಂನಲ್ಲಿ ಕೆಲಕಾಲ ಪ್ರತಿಕಾಯ ಸಿಗುವುದರಿಂದಲೂ ಸತ್ತ ಕರುವಿನ ಮಾದರಿಗೆ ಇಷ್ಟು ಬೆಲೆ.

ಕೆಚ್ಚಲು ಬಾವಿನ ಹಾಲನ್ನು ಕಲ್ಚರ್‌ಗೆ ತೆಗೆಯುವ ಸರಿಯಾದ ಕ್ರಮ ಯಾವುದು?

ಕೆಚ್ಚಲು ಒದ್ದೆಯಾಗಿರಬಾರದು. ತೊಳೆದಿದ್ದರೆ ಪೂರ್ತಿ ಒರೆಸಿ ಒಣಗಿಸಿ, ತೊಟ್ಟಿನ ಮೇಲೆ ಇಳಿಯುವ ನೀರೇ ಟ್ಯೂಬಿಗೆ ಬಿದ್ದು ಎಲ್ಲ ಕೆಡಿಸುತ್ತದೆ. ಮೊದಲ ಮೂರು-ನಾಲ್ಕು ಧಾರೆ ಬೇರೆ ಪಾತ್ರೆಗೆ ಕರೆದು ಚೆಲ್ಲಿ. 70 ಪ್ರತಿಶತ ಸ್ಪಿರಿಟ್ ಹತ್ತಿಯಿಂದ ತೊಟ್ಟಿನ ತುದಿಯನ್ನು ಹತ್ತಿ ಬೆಳ್ಳಗೆ ಉಳಿಯುವವರೆಗೆ ಒರೆಸಿ. ಒರೆಸುವಾಗ ದೂರದ ತೊಟ್ಟು ಮೊದಲು, ಹತ್ತಿರದ್ದು ಆಮೇಲೆ. ಹಾಲು ಹಿಡಿಯುವಾಗ ಇದು ತಿರುಗುಮುರುಗು: ಹತ್ತಿರದ್ದು ಮೊದಲು, ದೂರದ್ದು ಆಮೇಲೆ. ಇಲ್ಲದಿದ್ದರೆ ಒರೆಸಿದ ತೊಟ್ಟಿಗೆ ತೋಳು ತಾಗುತ್ತದೆ. ಟ್ಯೂಬನ್ನು ಓರೆಯಾಗಿ ಹಿಡಿಯಿರಿ, ಮುಚ್ಚಳದ ಒಳಬದಿ ಕೆಳಮುಖವಾಗಿ ಕೈಯಲ್ಲೇ ಇರಲಿ, ನೆಲದ ಮೇಲಿಡಬೇಡಿ. ಒಂದು ತೊಟ್ಟಿನಿಂದ 5–10 ಮಿ.ಲೀ. ಸಾಕು.

ಒಂದೇ ಟ್ಯೂಬಿನಲ್ಲಿ ಮೂರು-ನಾಲ್ಕು ಬಗೆಯ ಬ್ಯಾಕ್ಟೀರಿಯಾ ಬೆಳೆದರೆ ಅದು ಕೆಚ್ಚಲಿನದ್ದಲ್ಲ, ಕೊಳಕಿನದ್ದು ಎಂದೇ ತಿಳಿಯಬೇಕು. ಆ ವರದಿ ನೋಡಿ ಆಂಟಿಬಯೋಟಿಕ್ ಆರಿಸಿದರೆ ಹಣವೂ ಹೋಯಿತು, ಕೆಚ್ಚಲೂ ಹೋಯಿತು.

ಕೊಟ್ಟಿಗೆಯಲ್ಲೇ ಮಾಡುವ ಸಿಎಂಟಿ (ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್) ಎಂಬ ಕೆಚ್ಚಲು ಬಾವಿನ ಪರೀಕ್ಷೆಗೆ ನಾಲ್ಕು ಬಟ್ಟಲಿನ ತಟ್ಟೆ ಸಾಕು. ಒಂದೊಂದಕ್ಕೂ 2–3 ಮಿ.ಲೀ. ಹಾಲು, ಅಷ್ಟೇ ದ್ರಾವಣ, ಹತ್ತು ಸೆಕೆಂಡು ಸುತ್ತಿಸಿ. ಲೋಳೆಯಾದರೆ ಆ ತೊಟ್ಟಿನಲ್ಲಿ ಬಾವು ಇದೆ. ಆದರೆ ಯಾವ ರೋಗಾಣು ಎಂದು ಅದು ಹೇಳದು.

ಕ್ಷಯಕ್ಕೆ ಚರ್ಮದಲ್ಲಿ ಸೂಜಿ ಹಾಕಿ ನೋಡುತ್ತಾರಲ್ಲ, ಅದು ಏನು?

ಹಸುವಿನ ಕ್ಷಯದಲ್ಲಿ ದೇಹ ಮೊದಲು ಹೋರಾಡುವುದು ಕೋಶಗಳಿಂದ. ಪ್ರತಿಕಾಯ ಬರುವುದು ತಡವಾಗಿ, ರೋಗ ಬಲಿತ ಮೇಲೆ. ಆದ್ದರಿಂದ ಸೀರಂ ಬದಲು ಚರ್ಮವನ್ನೇ ಕೇಳುತ್ತಾರೆ. ಕತ್ತಿನ ಕೂದಲು ಬೋಳಿಸಿ, ಚರ್ಮದ ಮಡಿಕೆಯ ದಪ್ಪವನ್ನು ಕ್ಯಾಲಿಪರ್‌ನಲ್ಲಿ ಅಳೆದು ಬರೆದುಕೊಂಡು, 0.1 ಮಿ.ಲೀ. ಟ್ಯೂಬರ್ಕುಲಿನ್ (ಕ್ಷಯದ ಬ್ಯಾಕ್ಟೀರಿಯಾದಿಂದ ತೆಗೆದ ಪ್ರೋಟೀನ್) ಅನ್ನು ಚರ್ಮದ ಒಳಪದರಕ್ಕೇ ಚುಚ್ಚುತ್ತಾರೆ. ಬೆರಳಿಗೆ ಬಟಾಣಿಯಷ್ಟು ಗಂಟು ಸಿಕ್ಕಿದರೆ ಸರಿಯಾಗಿ ಬಿದ್ದಿದೆ ಎಂದರ್ಥ. 72 ಗಂಟೆಗೆ ಮತ್ತೆ ಅದೇ ವ್ಯಕ್ತಿ ಅದೇ ಕ್ಯಾಲಿಪರ್‌ನಿಂದ ಅಳೆಯಬೇಕು. 4 ಮಿ.ಮೀ. ಅಥವಾ ಹೆಚ್ಚು ದಪ್ಪವಾದರೆ ಪಾಸಿಟಿವ್, 2ಕ್ಕಿಂತ ಹೆಚ್ಚು 4ಕ್ಕಿಂತ ಕಡಿಮೆಯಾದರೆ ಅನುಮಾನ. ಪರಿಸರದಲ್ಲಿರುವ ಬೇರೆ ಮೈಕೋಬ್ಯಾಕ್ಟೀರಿಯಾದಿಂದಲೂ ಊತ ಬರುವುದರಿಂದ, ಅನುಮಾನ ಇದ್ದಲ್ಲಿ ಹಕ್ಕಿ ಕ್ಷಯದ ಟ್ಯೂಬರ್ಕುಲಿನ್ ಅನ್ನೂ ಇನ್ನೊಂದು ಜಾಗಕ್ಕೆ ಹಾಕಿ ಎರಡರ ವ್ಯತ್ಯಾಸ ನೋಡುತ್ತಾರೆ. ಆಗತಾನೇ ಕರು ಹಾಕಿದ ಹಸು ಅಥವಾ ರೋಗ ತೀರಾ ಬಲಿತ ಹಸು ಸೂಜಿಗೆ ಸ್ಪಂದಿಸದೇ ಇರಬಹುದು.

ಸಗಣಿಯಿಂದ ಏನೇನು ಗೊತ್ತಾಗುತ್ತದೆ?

ಜಂತು, ಕಾಕ್ಸಿಡಿಯಾ ಎಲ್ಲರಿಗೂ ಗೊತ್ತು. ಇನ್ನೊಂದು ಜೋನ್ಸ್ ರೋಗ: ತಿಂಗಳುಗಟ್ಟಲೆ ನೀರುಸಗಣಿ, ಮೇವು ತಿನ್ನುತ್ತಿದ್ದರೂ ಸೊರಗುವ ಹಸು. ಸಗಣಿಯಲ್ಲಿ ಆ ಬ್ಯಾಕ್ಟೀರಿಯಾ ಒಂದು ದಿನ ಬರುತ್ತದೆ, ಇನ್ನೊಂದು ದಿನ ಬರುವುದಿಲ್ಲ. ಒಂದು ನೆಗೆಟಿವ್ ಪಿಸಿಆರ್ ನೋಡಿ ಹಸುವನ್ನು ಮಂದೆಗೆ ಬಿಡಬೇಡಿ. ಕಲ್ಚರ್ ಮಾಡಿದರೆ ತಿಂಗಳುಗಳೇ ಬೇಕು. ಮಾದರಿಯನ್ನು ಗ್ಲೌಸ್ ಹಾಕಿ ಗುದದಿಂದಲೇ ತೆಗೆಯಿರಿ. ನೆಲದ ಮೇಲಿನ ಸಗಣಿಯಲ್ಲಿ ಯಾವ ಹಸುವಿನದ್ದು ಎಂಬುದೇ ಪ್ರಶ್ನೆ.

ನಾಯಿಮರಿ ರಕ್ತಭೇದಿ ಮಾಡುತ್ತಿದೆ. ಪಾರ್ವೋ ಕಿಟ್ ನೆಗೆಟಿವ್ ಬಂತು. ನೆಮ್ಮದಿಯಾಗಿರಬಹುದೇ?

ಇಲ್ಲ. ಗುದದ ಸ್ವಾಬ್‌ನಲ್ಲಿ ಆಂಟಿಜನ್ ಹುಡುಕುವ ಕಿಟ್‌ಗೆ ವೈರಸ್ ಸಾಕಷ್ಟು ಪ್ರಮಾಣದಲ್ಲಿ ಬೇಕು. ಕಾಯಿಲೆಯ ಮೊದಲ ದಿನ ಮತ್ತು ಐದಾರು ದಿನ ದಾಟಿದ ಮೇಲೆ ಕಡಿಮೆ ಇರುತ್ತದೆ. ಕರುಳಿನಲ್ಲಿ ಬರುವ ಪ್ರತಿಕಾಯ ವೈರಸ್‌ಗೆ ಅಂಟಿಕೊಂಡು ಕಿಟ್‌ಗೆ ಕಾಣದಂತೆಯೂ ಮಾಡುತ್ತದೆ. ಲಕ್ಷಣ ಇದ್ದರೆ ಪಾರ್ವೋ ಎಂದೇ ತಿಳಿದು ಬೇರೆ ಮರಿಗಳಿಂದ ದೂರ ಇಟ್ಟು, ಮರುದಿನ ಇನ್ನೊಮ್ಮೆ ಅಥವಾ ಪಿಸಿಆರ್ ಮಾಡಿಸಿ. ಇದಕ್ಕೆ ಉಲ್ಟಾ, ಜೀವಂತ ಲಸಿಕೆ ಹಾಕಿಸಿದ ಕೆಲವು ದಿನಗಳಲ್ಲಿ ಲಸಿಕೆಯ ವೈರಸ್ಸೇ ಮಲದಲ್ಲಿ ಸಿಗಬಹುದು.

ನಾಯಿಗಳ ಇನ್ನೊಂದು ವೈರಸ್ ರೋಗವಾದ ಡಿಸ್ಟೆಂಪರ್‌ಗೆ ಕಣ್ಣಿನ ಒಳರೆಪ್ಪೆಯ ಸ್ವಾಬ್ ಮತ್ತು ಮೂತ್ರ ಒಳ್ಳೆಯ ಮಾದರಿಗಳು. ಇಲಿಜ್ವರಕ್ಕೆ, ಅಂದರೆ ಲೆಪ್ಟೋಸ್ಪೈರೋಸಿಸ್‌ಗೆ, ಮೊದಲ ವಾರ ಹೆಪ್ಪುಗಟ್ಟದಂತೆ ತೆಗೆದ ರಕ್ತ, ಆಮೇಲೆ ಮೂತ್ರ. ಎರಡನ್ನೂ ಆಂಟಿಬಯೋಟಿಕ್ ಶುರುವಾಗುವ ಮುನ್ನವೇ ತೆಗೆದಿರಬೇಕು.

ಮಿಶ್ರತಳಿ ಹಸುವಿಗೆ ಉಣ್ಣೆ ಜ್ವರ. ರಕ್ತವನ್ನೇ ತಾನೇ ಕಳಿಸಬೇಕು?

ರಕ್ತವೇ, ಆದರೆ ಸೀರಂ ಅಲ್ಲ. ಥೈಲೇರಿಯಾ, ಬೆಬೇಸಿಯಾ, ಅನಾಪ್ಲಾಸ್ಮಾ ಇರುವುದು ರಕ್ತಕಣಗಳಲ್ಲಿ. ಸೀರಂ ಬೇರ್ಪಡಿಸಿದರೆ ರೋಗಾಣು ಇರುವ ಭಾಗವನ್ನೇ ಬಿಟ್ಟಂತೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ರಕ್ತ ಮತ್ತು ಕಿವಿಯಂಚಿನ ರಕ್ತನಾಳದಿಂದ ತೆಳು ಲೇಪ ಬೇಕು. ಲೇಪ ಗಾಳಿಗೆ ಒಣಗಿದ ಮೇಲೆ ಮೆಥನಾಲ್‌ನಲ್ಲಿ 3–5 ನಿಮಿಷ ಅದ್ದಿ. ಭುಜದ ಮುಂದಿನ ದುಗ್ಧಗ್ರಂಥಿ ಊದಿದ್ದರೆ ಸೂಜಿಯಿಂದ ಅದರ ದ್ರವ ತೆಗೆದು ಲೇಪ ಮಾಡಿಸಿ. ಥೈಲೇರಿಯಾ ರಕ್ತದಲ್ಲಿ ಕಾಣುವ ಮೊದಲೇ ಅಲ್ಲಿ ಕಾಖ್‌ನ ನೀಲಿ ಕಾಯಗಳು ಎಂಬ ರೂಪದಲ್ಲಿ ಕಾಣುತ್ತದೆ.

ಮೇಕೆಗಳಿಗೆ ಪಿಪಿಆರ್ (ಕುರಿ-ಮೇಕೆಗಳ ಒಂದು ವೈರಸ್ ರೋಗ) ಅನುಮಾನ. ಯಾವ ಸ್ವಾಬ್, ಎಷ್ಟು?

ಜ್ವರ ಇದ್ದು ಕಣ್ಣು-ಮೂಗಲ್ಲಿ ನೀರು ಸುರಿಯುತ್ತಿರುವ, ಭೇದಿ ಇನ್ನೂ ಶುರುವಾಗದ ಐದಾರು ಮೇಕೆಗಳನ್ನು ಆರಿಸಿ. ಬೇನೆ ಬಲಿತು ನೆಲಕ್ಕೆ ಬಿದ್ದ ಮೇಕೆಯಲ್ಲಿ ವೈರಸ್ ಕಡಿಮೆಯಾಗುತ್ತಿರುತ್ತದೆ, ಎಲ್ಲರೂ ಅದನ್ನೇ ತೋರಿಸುತ್ತಾರೆ. ಮೂಗಿನ ಹೊರಗಿನ ಸಿಂಬಳ ಒರೆಸಿ ಸ್ವಾಬನ್ನು ಒಳಗೆ ತಿರುಗಿಸಿ ತೆಗೆಯಿರಿ. ಕಣ್ಣಿನದು, ಒಸಡಿನ ಮೇಲಿನ ಹೊಟ್ಟಿನಂಥ ಪದರದ್ದು ಬೇರೆ ಬೇರೆ ಟ್ಯೂಬು. ಪಾಲಿಯೆಸ್ಟರ್ ತುದಿ, ಪ್ಲಾಸ್ಟಿಕ್ ಕಡ್ಡಿಯ ಸ್ವಾಬ್ ಬಳಸಿ. ಮರದ ಕಡ್ಡಿ ಮತ್ತು ಕ್ಯಾಲ್ಸಿಯಂ ಆಲ್ಜಿನೇಟ್ ತುದಿ ಪಿಸಿಆರ್ ಅನ್ನು ತಡೆಯುತ್ತವೆ. ಟ್ಯೂಬಿನಲ್ಲಿ 1–2 ಮಿ.ಲೀ. ವೈರಲ್ ಟ್ರಾನ್ಸ್‌ಪೋರ್ಟ್ ಮೀಡಿಯಂ, ಅಂದರೆ ದಾರಿಯಲ್ಲಿ ವೈರಸ್ ಕೆಡದಂತೆ ಕಾಯುವ ದ್ರಾವಣ, ಇರಲಿ. ಒಣ ಸ್ವಾಬ್ ಬಿಸಿಲಿಗೆ ಸಿಕ್ಕರೆ ಈ ವೈರಸ್ ಬದುಕುವುದಿಲ್ಲ. ಸತ್ತ ಮೇಕೆಯಿಂದಾದರೆ ಕರುಳಿನ ದುಗ್ಧಗ್ರಂಥಿ, ಗುಲ್ಮ, ಶ್ವಾಸಕೋಶದ ತುಣುಕು.

ಕುರಿಗಳು ರಾತ್ರೋರಾತ್ರಿ ಸತ್ತು ಕರುಳು ಬೇನೆಯ ಅನುಮಾನ ಇದ್ದರೆ ಸಣ್ಣ ಕರುಳಿನೊಳಗಿನ ದ್ರವ ಬೇಕು. ಬ್ಯಾಕ್ಟೀರಿಯಾ ಅಲ್ಲಿ ಬಿಟ್ಟ ವಿಷ ಬೇಗ ಒಡೆದುಹೋಗುವುದರಿಂದ 10 ಮಿ.ಲೀ.ಗೆ ಒಂದು ಹನಿ ಕ್ಲೋರೋಫಾರಂ ಹಾಕಿ ಐಸ್ ಮೇಲಿಡಿ.

ಕೋಳಿಗಳಿಗೆ?

ಉಸಿರ್ನಾಳದಿಂದ ಒಂದು, ಗುದದಿಂದ ಒಂದು ಸ್ವಾಬ್. ಗುದದ ಸ್ವಾಬ್‌ಗೆ ಹಿಕ್ಕೆ ಅಂಟಿದ್ದು ಕಾಣಬೇಕು. ಮಾರೆಕ್ಸ್ ರೋಗಕ್ಕೆ ಎಳೆಯ ಗರಿಯ ಬುಡ. ಮಂದೆಯ ಲಸಿಕೆ ಹಿಡಿದಿದೆಯೇ ಎಂದು ನೋಡಲು ಮೊಟ್ಟೆಯ ಹಳದಿಯೇ ಸಾಕು, ತಾಯಿಯ ಪ್ರತಿಕಾಯ ಅದರಲ್ಲಿ ಇಳಿದಿರುತ್ತದೆ, ಹಕ್ಕಿಗೆ ಸೂಜಿ ಚುಚ್ಚುವ ಕೆಲಸವಿಲ್ಲ. ಒಂದೇ ದಿನ ಸಾಲುಸಾಲಾಗಿ ಸತ್ತಿದ್ದರೆ ಕೋಳಿ ಕೊಯ್ದು ನೋಡಬೇಡಿ. ಹಕ್ಕಿಜ್ವರ ಇರಬಹುದು, ಮೊದಲು ಇಲಾಖೆಗೆ ತಿಳಿಸಿ. ಅದರ ಅಂತಿಮ ಖಚಿತತೆ ಭೋಪಾಲದ ಉನ್ನತ ಸುರಕ್ಷತಾ ಪ್ರಯೋಗಾಲಯದಲ್ಲಿ.

ಎತ್ತು ಇದ್ದಕ್ಕಿದ್ದಂತೆ ಸತ್ತಿದೆ, ಮೂಗು-ಗುದದಿಂದ ಕಪ್ಪು ರಕ್ತ. ಕೊಯ್ದು ನೋಡಬಹುದೇ?

ಬೇಡವೇ ಬೇಡ. ಇದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಇರಬಹುದು. ಮುಚ್ಚಿದ ಹೆಣದೊಳಗೆ ಈ ಬ್ಯಾಕ್ಟೀರಿಯಾ ಕೊಳೆಯುವಿಕೆಗೆ ಸಿಕ್ಕಿ ಬೇಗ ಸಾಯುತ್ತದೆ. ಕೊಯ್ದು ಗಾಳಿ ತಾಗಿದರೆ ಬೀಜಕವಾಗಿ ಮಣ್ಣಿಗೆ ಸೇರಿ ದಶಕಗಟ್ಟಲೆ ಬದುಕುತ್ತದೆ. ಒಂದು ಕೊಯ್ತದಿಂದ ಆ ಹೊಲವೇ ಕೆಡುತ್ತದೆ. ಚರ್ಮ ಸುಲಿಯಬೇಡಿ, ಮಾಂಸ ಹಂಚಬೇಡಿ.

ಮಾದರಿಗೆ ಬೇಕಾದದ್ದು ಕಿವಿಯ ರಕ್ತನಾಳದಿಂದ ಒಂದು ಹನಿ ರಕ್ತ. ಗ್ಲೌಸ್ ಹಾಕಿದ ಪಶುವೈದ್ಯರು ಸೂಜಿ ಚುಚ್ಚಿ ಲೇಪ ಮಾಡಿ, ಚುಚ್ಚಿದ ಜಾಗಕ್ಕೆ ಫಾರ್ಮಾಲಿನ್ ಅದ್ದಿದ ಹತ್ತಿ ಒತ್ತುತ್ತಾರೆ. ಪಾಲಿಕ್ರೋಮ್ ಮೆಥಿಲೀನ್ ಬ್ಲೂ ಹಾಕಿದಾಗ ಚೌಕ ತುದಿಯ ನೀಲಿ ಕಡ್ಡಿಗಳ ಸುತ್ತ ಗುಲಾಬಿ ಬಣ್ಣದ ಕವಚ ಕಂಡರೆ ಆಂಥ್ರಾಕ್ಸ್. ಸತ್ತು ಒಂದು ದಿನ ದಾಟಿದರೆ ಕವಚ ಕರಗಿ, ಕೊಳೆತ ಬ್ಯಾಕ್ಟೀರಿಯಾದ ಗುಂಪಿನಲ್ಲಿ ಗುರುತು ಸಿಗುವುದು ಕಷ್ಟ.

ಆಂಥ್ರಾಕ್ಸ್ ಇಲ್ಲವೆಂದು ಲೇಪ ತೋರಿಸಿದ ಮೇಲೆ, ಗಳಲೆ ರೋಗದ ಅನುಮಾನವಿದ್ದು ಹೆಣ ಕೊಳೆತಿದ್ದರೆ, ಕಾಲಿನ ಉದ್ದ ಮೂಳೆಯನ್ನು ಒಡೆಯದೆ ಇಡಿಯಾಗಿ ಕಳಿಸಿ. ಕೊಳೆತ ಎಲ್ಲಕ್ಕಿಂತ ಕಡೆಗೆ ಮುಟ್ಟುವ ಜಾಗ ಮೂಳೆಯ ಮಜ್ಜೆ.

ಕಚ್ಚಿದ ನಾಯಿ ಸತ್ತಿದೆ. ರೇಬೀಸ್ ಎಂದು ಹೇಗೆ ತಿಳಿಯುವುದು?

ಮೊದಲು ಮನುಷ್ಯರ ಮಾತು. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ. ನಾಯಿಯ ವರದಿಗಾಗಿ ಕಾಯಬಾರದು.

ಸತ್ತ ನಾಯಿಯಿಂದ ಬೇಕಾದದ್ದು ಮೆದುಳು. ಅದರಲ್ಲೂ ಮೆದುಳಿನ ಕಾಂಡ ಮತ್ತು ಹಿಂಭಾಗದ ಕಿರುಮೆದುಳು. ವೈರಸ್ ನರಗಳ ಮೂಲಕ ಮೇಲೇರಿ ಮೊದಲು ಸೇರುವ ಜಾಗ ಕಾಂಡ. ಒಂದು ಬದಿಯಲ್ಲಿ ಮಾತ್ರ ಇರುವುದೂ ಉಂಟು, ಆದ್ದರಿಂದ ಕಾಂಡದ ಅಡ್ಡ ಕೊಯ್ತ ಪೂರ್ತಿ ಬೇಕು. ಫ್ಲೋರೊಸೆಂಟ್ ಪ್ರತಿಕಾಯ ಪರೀಕ್ಷೆಯಲ್ಲಿ ವೈರಸ್ ಕತ್ತಲ ಹಿನ್ನೆಲೆಯಲ್ಲಿ ಸೇಬುಹಸಿರು ಚುಕ್ಕೆಗಳಾಗಿ ಹೊಳೆಯುತ್ತದೆ, ಫಲಿತಾಂಶ ಕೆಲವೇ ಗಂಟೆಗಳಲ್ಲಿ ಸಿಗುತ್ತದೆ. ಸೀರಂ ಇಲ್ಲಿ ಕೆಲಸಕ್ಕೆ ಬಾರದು. ರೋಗದ ಪ್ರತಿಕಾಯ ಬರುವಷ್ಟರಲ್ಲಿ ಪ್ರಾಣಿ ಸತ್ತಿರುತ್ತದೆ, ಮೊದಲೇ ಇದ್ದರೆ ಅದು ಲಸಿಕೆಯದ್ದಾಗಿರಬಹುದು. ಜೊಲ್ಲಿನಲ್ಲಿ ವೈರಸ್ ಬಿಟ್ಟುಬಿಟ್ಟು ಬರುವುದರಿಂದ ಬದುಕಿರುವ ನಾಯಿಯ ಜೊಲ್ಲು ನೆಗೆಟಿವ್ ಬಂದರೆ ಅದನ್ನು ನಂಬಬಾರದು. ಬದುಕಿರುವ ನಾಯಿ-ಬೆಕ್ಕನ್ನು ಹತ್ತು ದಿನ ಕಣ್ಗಾವಲಿನಲ್ಲಿಡುವುದೇ ಕ್ರಮ.

ತಲೆಗೆ ಹೊಡೆದು ಕೊಂದರೆ ಮೆದುಳು ಚೂರಾಗಿ ಮಾದರಿಯೂ ಹೋಗುತ್ತದೆ, ಹತ್ತಿರ ನಿಂತವರಿಗೆ ಅಪಾಯವೂ ಹೌದು. ಮೆದುಳನ್ನು ಫಾರ್ಮಾಲಿನ್‌ಗೆ ಹಾಕಿದರೆ ಮಾಮೂಲಿ ಫ್ಲೋರೊಸೆಂಟ್ ಪರೀಕ್ಷೆಗೆ ಅದು ಬರುವುದಿಲ್ಲ. ಐಸ್ ಮೇಲೆ, ಇಲ್ಲವಾದರೆ ಅರ್ಧ ಗ್ಲಿಸರಾಲ್ ಸಲೈನ್‌ನಲ್ಲಿ. ತಲೆಬುರುಡೆ ಒಡೆಯದೆ, ಕತ್ತಿನ ಹಿಂದಿನ ರಂಧ್ರದಿಂದ ಪ್ಲಾಸ್ಟಿಕ್ ಸ್ಟ್ರಾ ತೂರಿಸಿ ಮಾದರಿ ತೆಗೆಯುವ ವಿಧಾನವಿದೆ. ಮುಂಚಿತವಾಗಿ ರೇಬೀಸ್ ಲಸಿಕೆ ಪಡೆದ, ತರಬೇತಿ ಇರುವವರು ಮಾತ್ರ ಅದನ್ನು ಮಾಡಬೇಕು.

ಹಸುವಿಗೂ ರೇಬೀಸ್ ಬರುತ್ತದೆ. ಜೊಲ್ಲು ಸುರಿಸುತ್ತಾ ನುಂಗಲಾರದ ಹಸುವಿನ ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಕೈ ಹಾಕಿದವರು ಇದ್ದರೆ, ಅವರ ಹೆಸರನ್ನೂ ಡಾಕ್ಟರಿಗೆ ಹೇಳಿ.

ಬೆಂಗಳೂರಿನಲ್ಲಿ ಈ ಪರೀಕ್ಷೆಗಳು ಎಲ್ಲಿ ಆಗುತ್ತವೆ?

ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲಿ ದಕ್ಷಿಣ ಪ್ರಾದೇಶಿಕ ರೋಗಪತ್ತೆ ಪ್ರಯೋಗಾಲಯವೂ ಇದೆ. ದೊಡ್ಡರೋಗದ (ರಿಂಡರ್‌ಪೆಸ್ಟ್) ಆಂಟಿಸೀರಂ ತಯಾರಿಗೆಂದು 1925ರಲ್ಲಿ ಸೀರಂ ಸಂಸ್ಥೆಯಾಗಿ ಹುಟ್ಟಿದ ಜಾಗ ಅದು. ಆ ರೋಗ ಭೂಮಿಯಿಂದಲೇ ಹೋಯಿತೆಂದು 2011ರಲ್ಲಿ ಘೋಷಿಸಿದರು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆವರಣದಲ್ಲಿರುವ ರೇಬೀಸ್ ಪ್ರಯೋಗಾಲಯ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದದ್ದು. ಯಲಹಂಕದ ನಿವೇದಿ ಸಂಸ್ಥೆ ಮುಖ್ಯವಾಗಿ ರೋಗಗಳ ಹರಡುವಿಕೆಯ ಅಧ್ಯಯನ ಮಾಡುತ್ತದೆ, ಬ್ರುಸೆಲ್ಲೋಸಿಸ್, ಪಿಪಿಆರ್‌ನಂಥ ರೋಗಗಳ ಪರೀಕ್ಷೆಯಲ್ಲೂ ಅದರ ಕೆಲಸ ದೊಡ್ಡದು. ಮಾದರಿಯನ್ನು ಸ್ಥಳೀಯ ಪಶು ಆಸ್ಪತ್ರೆಯ ಮೂಲಕ, ಡಾಕ್ಟರ ಸಹಿಯಿರುವ ಪತ್ರದ ಜೊತೆ ಕಳಿಸುವುದು ಒಳ್ಳೆಯದು. ಸಂಚಾರಿ ಪಶು ಚಿಕಿತ್ಸಾಲಯಕ್ಕೆ 1962ಕ್ಕೆ ಕರೆ ಮಾಡಬಹುದು. ಅಧಿಸೂಚಿತ ರೋಗದ ಅನುಮಾನ ಬಂದರೆ ತಿಳಿಸುವುದು ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಮತ್ತು ನಿಯಂತ್ರಣದ 2009ರ ಕಾಯ್ದೆಯ ಪ್ರಕಾರ ಮಾಲೀಕರ ಹೊಣೆ.

ಫಾರ್ಮಾಲಿನ್ ಯಾವಾಗ, ಹೇಗೆ?

ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಹಿಸ್ಟೋಪೆಥಾಲಜಿಗೆ ಮಾತ್ರ. ಅಂಗಡಿಯಲ್ಲಿ ಸಿಗುವ 37–40 ಪ್ರತಿಶತ ದ್ರಾವಣ 100 ಮಿ.ಲೀ., ನೀರು 900 ಮಿ.ಲೀ., ಮೋನೋಬೇಸಿಕ್ ಸೋಡಿಯಂ ಫಾಸ್ಫೇಟ್ 4 ಗ್ರಾಂ, ಡೈಬೇಸಿಕ್ 6.5 ಗ್ರಾಂ. ತುಣುಕು ಅರ್ಧ ಸೆಂ.ಮೀ. ದಪ್ಪ ಇರಲಿ, ದ್ರಾವಣ ತುಣುಕಿನ ಹತ್ತು ಪಟ್ಟು. ಇಡೀ ಪಿತ್ತಜನಕಾಂಗವನ್ನು ಸಣ್ಣ ಡಬ್ಬಿಗೆ ತುರುಕಿದರೆ ಹೊರಗೆ ಗಟ್ಟಿ, ಒಳಗೆ ಕೊಳೆತ. ಕಲ್ಚರ್ ಮಾದರಿ, ಒಣ ಲೇಪ ಇರುವ ಪೆಟ್ಟಿಗೆಯಲ್ಲಿ ಫಾರ್ಮಾಲಿನ್ ಡಬ್ಬಿ ಇಡಬೇಡಿ. ಅದರ ಆವಿಯೇ ಲೇಪಕ್ಕೆ ಬಣ್ಣ ಹಿಡಿಯದಂತೆ ಮಾಡುತ್ತದೆ.

ಪಿಸಿಆರ್ ನೆಗೆಟಿವ್ ಅಂದರೆ ರೋಗ ಇಲ್ಲ ಎಂದೇ?

ಕಳಿಸಿದ ಮಾದರಿಯಲ್ಲಿ ಸಿಗಲಿಲ್ಲ ಎಂದಷ್ಟೇ. ತಡವಾಗಿ ತೆಗೆದಿದ್ದರೆ, ತಪ್ಪು ಜಾಗದಿಂದ ತೆಗೆದಿದ್ದರೆ, ದಾರಿಯಲ್ಲಿ ಬಿಸಿಯಾಗಿದ್ದರೆ, ಸಗಣಿಯಲ್ಲೋ ರಕ್ತದಲ್ಲೋ ಪರೀಕ್ಷೆಯನ್ನು ತಡೆಯುವ ಅಂಶ ಇದ್ದರೆ ನೆಗೆಟಿವ್ ಬರಬಹುದು. ಪರೀಕ್ಷೆ ಸರಿಯಾಗಿ ನಡೆಯಿತೇ ಎಂದು ತೋರಿಸುವ ಒಳಗಿನ ಕಂಟ್ರೋಲ್ ಕೆಲಸ ಮಾಡಿದೆಯೇ ಎಂದು ಲ್ಯಾಬಿನಲ್ಲಿ ಕೇಳುವುದರಲ್ಲಿ ತಪ್ಪಿಲ್ಲ. ಹಾಗೆಯೇ ಪಿಸಿಆರ್‌ಗೆ ಸತ್ತ ರೋಗಾಣುವಿನ ತುಣುಕೂ ಸಾಕು, ಪಾಸಿಟಿವ್ ಬಂದ ಪ್ರಾಣಿ ಇನ್ನೂ ಹರಡುತ್ತಿದೆ ಎಂದು ಅದೊಂದರಿಂದ ಹೇಳಲಾಗದು.

ಪ್ಯಾಕ್ ಮಾಡುವುದು ಹೇಗೆ?

ಮೂರು ಪದರ. ಮೊದಲನೆಯದು ಸೋರದ ಟ್ಯೂಬು, ಮುಚ್ಚಳದ ಸುತ್ತ ಟೇಪ್. ಎರಡನೆಯದು ಝಿಪ್ ಕವರ್ ಅಥವಾ ಗಟ್ಟಿ ಡಬ್ಬಿ, ಒಳಗೆ ಎಲ್ಲ ದ್ರವ ಹೀರುವಷ್ಟು ಹತ್ತಿ. ಮೂರನೆಯದು ಥರ್ಮೋಕೋಲ್ ಪೆಟ್ಟಿಗೆ, ಸುತ್ತ ಹೆಪ್ಪುಗಟ್ಟಿಸಿದ ಜೆಲ್ ಪ್ಯಾಕ್. ಬರೀ ಐಸ್ ತುಂಡು ಹಾಕಿದರೆ ಕರಗಿದ ನೀರಿನಲ್ಲಿ ಹೆಸರಿನ ಚೀಟಿ ಅಳಿಸಿಹೋಗುತ್ತದೆ. ಹೆಸರನ್ನು ನೀರಿಗಳಿಯದ ಪೆನ್ನಿನಿಂದ ಟ್ಯೂಬಿನ ಮೈಮೇಲೆ ಬರೆಯಿರಿ, ಮುಚ್ಚಳದ ಮೇಲಲ್ಲ. ಮುಚ್ಚಳಗಳು ಅದಲುಬದಲಾಗುತ್ತವೆ. ಪತ್ರ ಎರಡನೇ ಪದರದ ಹೊರಗಿರಲಿ.

ಮನೆಯ ಫ್ರಿಜ್ಜಿನ ಫ್ರೀಜರಿನಲ್ಲಿ ಸ್ವಾಬ್ ಇಡಬೇಡಿ. ಅಲ್ಲಿ ಹೆಪ್ಪುಗಟ್ಟಿ ಕರಗಿ ಮತ್ತೆ ಹೆಪ್ಪುಗಟ್ಟುತ್ತದೆ. ಕೆಳಗಿನ ಭಾಗದಲ್ಲಿ 4 ಡಿಗ್ರಿಯಲ್ಲಿ ಒಂದು ದಿನ ಇಡಬಹುದು, ಊಟದ ಪದಾರ್ಥದ ಜೊತೆಯಲ್ಲಲ್ಲ. ಆನೇಕಲ್ಲಿನಿಂದ ಹೆಬ್ಬಾಳಕ್ಕೆ ಮಧ್ಯಾಹ್ನದ ಟ್ರಾಫಿಕ್‌ನಲ್ಲಿ ಬೈಕಿನ ಡಿಕ್ಕಿಯಲ್ಲಿ ತಂದರೆ ಮಾದರಿ ಬೆಂದೇ ಬರುತ್ತದೆ. ಬೆಳಗ್ಗೆ ಬೇಗ ಹೊರಡಿ, ಶನಿವಾರ ಮಧ್ಯಾಹ್ನ ತಲುಪುವಂತೆ ಕಳಿಸಬೇಡಿ, ಹೊರಡುವ ಮೊದಲು ಲ್ಯಾಬಿಗೆ ಒಂದು ಫೋನ್ ಮಾಡಿ.

ಪತ್ರದಲ್ಲಿ ಏನು ಬರೆಯಬೇಕು?

ಪ್ರಾಣಿಯ ಜಾತಿ, ವಯಸ್ಸು, ಕಿವಿಯೋಲೆ ಸಂಖ್ಯೆ, ಊರು. ಒಟ್ಟು ಎಷ್ಟು ಇದ್ದವು, ಎಷ್ಟಕ್ಕೆ ಬಂತು, ಎಷ್ಟು ಸತ್ತವು. ಲಕ್ಷಣ ಶುರುವಾದ ದಿನ, ಮಾದರಿ ತೆಗೆದ ದಿನ ಮತ್ತು ಗಂಟೆ. ಹಾಕಿದ ಲಸಿಕೆ ಮತ್ತು ದಿನಾಂಕ. ಕೊಟ್ಟ ಔಷಧ, ಮುಖ್ಯವಾಗಿ ಆಂಟಿಬಯೋಟಿಕ್. ಕೊಟ್ಟಿದ್ದರೆ ಮುಚ್ಚಿಡಬೇಡಿ. ಕೊಟ್ಟದ್ದು ಗೊತ್ತಿದ್ದರೆ ಲ್ಯಾಬಿನವರು ಕಲ್ಚರ್ ಬದಲು ಪಿಸಿಆರ್ ಹಿಡಿಯುತ್ತಾರೆ, ಗೊತ್ತಿಲ್ಲದಿದ್ದರೆ ಮೂರು ದಿನ ಬೆಳೆಸಿ ಏನೂ ಬೆಳೆಯಲಿಲ್ಲ ಎಂದು ವರದಿ ಕೊಡುತ್ತಾರೆ. ಕೊನೆಗೆ, ಯಾವ ರೋಗದ ಅನುಮಾನ ಎಂದು ಒಂದು ಸಾಲು. ಆಂಥ್ರಾಕ್ಸ್ ಅಥವಾ ರೇಬೀಸ್ ಅನುಮಾನ ಇದ್ದರೆ ಪೆಟ್ಟಿಗೆಯ ಮೇಲೆಯೇ ದಪ್ಪಕ್ಷರದಲ್ಲಿ ಬರೆಯಿರಿ. ಪೆಟ್ಟಿಗೆ ಬಿಚ್ಚುವವರಿಗೂ ಮನೆಮಂದಿ ಇದ್ದಾರೆ.